ಮಡಿಕೆ ಪರೀಕ್ಷೆ

ಮಾದರಿ ಹದಿನೇಳು. ಅಕೇಶಿಯಾ. ವಯಸ್ಸು ಎಂಟು.
ಚನ್ನಗಿರಿ ಕಡೆಯ ನೆಡುತೋಪಿನಿಂದ ಬಂದದ್ದು,
ಟ್ರ್ಯಾಕ್ಟರಿನಲ್ಲಿ, ಐದು ತುಂಡು,
ಸುಣ್ಣದಲ್ಲಿ ಬರೆದ ನಂಬರು ದಾರಿಯಲ್ಲೇ ಅರ್ಧ ಅಳಿಸಿ.

ಹರಿಹರದಲ್ಲಿ, ಹೊಳೆಗೆ ಬೆನ್ನು ಹಾಕಿದ ಈ ಪ್ರಯೋಗಶಾಲೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಮರವನ್ನು ಕೇಳುವುದು, ಕಾಗದ ಆಗುತ್ತೀಯಾ?
ಅದು ಗ್ರಾಂ ಲೆಕ್ಕದಲ್ಲಿ ಉತ್ತರ ಕೊಡುತ್ತದೆ.

ಜನ ಇದನ್ನೂ ಜಾಲಿ ಅಂತಾರೆ. ಅಲ್ಲ.
ಜಾಲಿಗೆ ಮುಳ್ಳಿದೆ, ಅದರ ಕಾಯಿಯ ರುಚಿ ಆಡಿಗೆ ಗೊತ್ತು.
ಇದಕ್ಕೆ ಮುಳ್ಳಿಲ್ಲ; ಆಡು ಮೂಸಿ ಮುಂದೆ ಹೋಗುತ್ತದೆ.
ಎಲೆಯಂತೆ ಕಾಣುವುದೂ ಎಲೆಯಲ್ಲ,
ಅಗಲವಾದ ತೊಟ್ಟು.

ತೊಗಟೆ ಸುಲಿಯುವವಳು ರೂಪ್ಲಿಬಾಯಿ,
ನ್ಯಾಮತಿ ಕಡೆಯ ತಾಂಡಾದವಳು, ದಿನಗೂಲಿ.
"ಕಡಿದ ದಿನಾನೇ ಸುಲೀಬೇಕು ಸಾರ್,
ಹಸೀದು ಬಾಳೆಹಣ್ಣಿನ ಸಿಪ್ಪೆ.
ವಾರ ಬಿಟ್ರಿ ಅಂದ್ರೆ
ಗಾಯದ ಹಕ್ಕಳೆ ಕಿತ್ತಂಗೆ ಆಗ್ತೈತಿ, ಮರಕ್ಕೂ ಕೈಗೂ."
ನನ್ನ ಪುಸ್ತಕದಲ್ಲಿ ಇದೇ ಮಾತು
ಎರಡು ಪುಟ, ಒಂದು ಗ್ರಾಫು.

ಚಕ್ಕೆ ಮಾಡಿದೆವು. ಕ್ಷಾರದಲ್ಲಿ ಬೇಯಿಸಿದೆವು,
ನೂರ ಅರವತ್ತೈದು ಡಿಗ್ರಿ, ಎರಡು ತಾಸು.
ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ;
ನನ್ನ ಅಂಗಿಗೆ ಮನೆಯಲ್ಲಿ ಬೇರೆಯೇ ಬಕೆಟ್ಟು.
ನೂರಕ್ಕೆ ನಲವತ್ತೊಂಬತ್ತು ಪಾಲು ನಾರು ಉಳಿಯಿತು.
ಮಿಕ್ಕದ್ದು, ಗಾಳಿಯಲ್ಲಿ ಮರವನ್ನು ನೆಟ್ಟಗೆ ನಿಲ್ಲಿಸಿದ್ದ ಅಂಟು,
ಕಪ್ಪು ನೀರಾಗಿ ಕೊಳವೆ ಹಿಡಿದು ಹೋಯಿತು.

ಸೂಕ್ಷ್ಮದರ್ಶಕದಡಿ ನಾರು ಒಂದು ಮಿಲಿಮೀಟರೂ ಇಲ್ಲ.
ಬಿದಿರಿನದು ಅದರ ಎರಡರಷ್ಟು ಉದ್ದ.
ಗಿಡ್ಡ ನಾರಿನ ಗುಣ: ಮೈ ನುಣುಪು,
ಅಕ್ಷರ ಚೂಪಾಗಿ ಕೂರುತ್ತದೆ.
ದೋಷ: ಹರಿಯುತ್ತದೆ.

ಕೈಯಲ್ಲಿ ಎತ್ತಿದ ಹಾಳೆ, ದುಂಡನೆಯದು, ರೊಟ್ಟಿಯಷ್ಟು,
ಬಿಳುಪು ಮಾಡಿ, ಒತ್ತಿ, ಒಣಗಿಸಿ ಜೋಡಿಸಿಟ್ಟಿದ್ದೆ.
ರೂಪ್ಲಿಬಾಯಿ ಬಾಗಿಲಲ್ಲಿ ನಿಂತು ಕೇಳಿದಳು,
"ನಮ್ಮ ಹದಿನೇಳು ಪಾಸಾತಾ?"
ಎಂಟನೇ ತರಗತಿ ಹುಡುಗನ ಬಗ್ಗೆ ಕೇಳಿದ ಹಾಗೆ.
ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು.
ಇಟ್ಟಾಗ ಅಂಚಿನಲ್ಲಿ ಕಂದು ಗುರುತು,
ಬೆರಳಿನ ಗೆರೆ ಗೆರೆಯೂ ಸ್ಪಷ್ಟ;
ತೊಗಟೆಯ ಒಗರು ಅವಳ ಚರ್ಮದಿಂದ
ಯಾವ ಸೋಪಿಗೂ ಹೋಗಿಲ್ಲ.

"ಹೆಬ್ಬೆಟ್ಟು ಒತ್ತಿಬಿಟ್ಟೆಯಲ್ಲಮ್ಮಾ" ಅಂದೆ.
ಅನ್ನಬಾರದಿತ್ತು.
"ಏಳನೇತ್ತ ಓದೀನಿ. ಪೆನ್ನು ಕೊಡ್ರಿ."
ಅದೇ ಹಾಳೆಯ ನಡುವೆ, ಅವಸರ ಇಲ್ಲದೆ,
ತಾಂಡಾದ ಹೆಸರಿನ ಮೊದಲಕ್ಷರ, ಒಂದು ಚುಕ್ಕಿ, ಆಮೇಲೆ ರೂಪ್ಲಿಬಾಯಿ.
ನಾನು ಭೂತಗನ್ನಡಿ ತಂದೆ, ಅಭ್ಯಾಸ.
'ಪ್ಲಿ'ಯ ಒತ್ತಕ್ಷರದ ಹೊಟ್ಟೆಯಲ್ಲಿ
ಮಸಿ ತುಂಬಿಕೊಂಡಿರಲಿಲ್ಲ.
ಬರವಣಿಗೆಗೆ ಉತ್ತಮ, ಎಂದು ನಮೂದಿಸಿದೆ.

ಯಂತ್ರ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಮಡಿಚಿತು,
ಹದಿನಾಲ್ಕನೆಯದಕ್ಕೆ ತುಂಡಾಯಿತು.
ಷರಾ ಕಾಲಮ್ಮಿನಲ್ಲಿ ಬರೆದೆ: ತಿರುಳಿಗೆ ಯೋಗ್ಯ.
ನೂರಕ್ಕೆ ಇಪ್ಪತ್ತು ಪಾಲು ಬಿದಿರು ಬೆರೆಸತಕ್ಕದ್ದು.
ತೊಗಟೆ ಹಸಿಯಿದ್ದಾಗಲೇ ತೆಗೆಯತಕ್ಕದ್ದು.
(ಮೂಲ ಯಾರ ಮಾತು ಎಂದು ಕೇಳುವ ಕಾಲಮ್ಮು ನಮೂನೆಯಲ್ಲಿಲ್ಲ.)

ಕೆಟ್ಟ ಹಾಳೆಯನ್ನು ಬುಟ್ಟಿಗೆ ಹಾಕಬೇಕು, ನಿಯಮ.
ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ.
ದಾವಣಗೆರೆ ಬಸ್ಸಿನಲ್ಲಿ ಒಮ್ಮೆ ಬಿಚ್ಚಿ ನೋಡಿದೆ,
ಮನೆಯಲ್ಲಿ ಒಮ್ಮೆ, ಮಗಳಿಗೆ ತೋರಿಸಲು,
ಮರುದಿನ ಸುಮ್ಮನೆ.
ಗುರುವಾರದ ಹೊತ್ತಿಗೆ ಹರಿದಿತ್ತು,
ಹೆಸರು ಒಂದು ಕಡೆ, ಬೆರಳು ಇನ್ನೊಂದು ಕಡೆ.

ವರದಿ ಸರಿಯಾಗಿದೆ ಅಂದುಕೊಂಡೆ.
ಅಂಟು ಹುಡುಕುತ್ತಿದ್ದಾಗ ಹೊರಗೆ ಟ್ರ್ಯಾಕ್ಟರು ನಿಂತಿತು.
"ಹದಿನೆಂಟು ಬಂತ್ರೀ," ಅವಳ ದನಿ,
"ಹಸೀನೇ ಐತಿ, ಬೇಗ ಬರ್ರಿ."